ಕೊಡದೊಳಗೆ ಅದ್ದಿದ ಕೈ

ಕುಡಿಯುವ ನೀರು, ಶೌಚ, ಶುಚಿತ್ವದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುವಾಗ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ‘ನೀರೇನೋ ಚೆನ್ನಾಗಿಯೇ ಇದೆ, ಆದರೂ...’ ನಾನು 31 ವರ್ಷ ನೀರಿನ ಪರೀಕ್ಷಾಲಯದಲ್ಲಿ ದುಡಿದವಳು. ಆ ‘ಆದರೂ’ ಹಿಂದೆ ಏನಿರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬಾವಿಯ ನೀರು ಕನ್ನಡಿಯಷ್ಟು ತಿಳಿ, ಕುಡಿಯಲು ಸಿಹಿ. ನಮ್ಮ ಅಜ್ಜನ ಕಾಲದಿಂದ ಹಾಗೆಯೇ ಕುಡಿಯುತ್ತಿದ್ದೇವೆ. ಈಗ ಸೊಸೆ ಬಂದು ಕುದಿಸಿಯೇ ಕುಡಿಯಬೇಕು ಎಂದು ಹಟ ಹಿಡಿದಿದ್ದಾಳೆ. ಇದು ಅತಿಯಾಯಿತಲ್ಲವೇ?

ಉತ್ತರ: ಹಿರಿಯರೇ, ಬಾವಿಯ ಮೇಲೆ ನಿಮಗಿರುವ ಅಭಿಮಾನ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ನಿಮ್ಮ ಸೊಸೆಯ ಪರ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಕೈಪಂಪು ಇತ್ತು. ಅದರ ನೀರು ರುಚಿಗೆ ಹೆಸರಾಗಿತ್ತು. ಆ ಬೀದಿಯಲ್ಲಿ ಹಿಂದೆ ಇದ್ದು, ಆಮೇಲೆ ದೂರದ ಹ್ಯಾಂಪ್‌ಸ್ಟೆಡ್‌ಗೆ ಹೋಗಿ ನೆಲೆಸಿದ್ದ ಒಬ್ಬ ವಿಧವೆಗೆ ಆ ರುಚಿ ಬಿಡಲಾಗಲಿಲ್ಲ. ದಿನವೂ ಗಾಡಿಯಲ್ಲಿ ಒಂದು ದೊಡ್ಡ ಸೀಸೆ ನೀರನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದಳು. ಆಗಸ್ಟ್ 31ರಂದು ಬಂದ ನೀರು ಕುಡಿದಳು, ಕಾಲರಾ ತಗುಲಿತು, ಸೆಪ್ಟೆಂಬರ್ 2ಕ್ಕೆ ತೀರಿಕೊಂಡಳು. ನೋಡಿಕೊಂಡು ಹೋಗಲು ಬಂದು ಅದೇ ನೀರು ಕುಡಿದ ಸಂಬಂಧಿಯೂ ಉಳಿಯಲಿಲ್ಲ. ಅವರಿಬ್ಬರು ವಾಸವಿದ್ದ ಕಡೆಗಳಲ್ಲಿ ಆಗ ಬೇರೆ ಯಾರಿಗೂ ಕಾಲರಾ ಇರಲಿಲ್ಲ. ರೋಗ ಹರಡುವುದು ಕೆಟ್ಟ ಗಾಳಿಯಿಂದಲ್ಲ, ನೀರಿನಿಂದ ಎಂದು ವಾದಿಸುತ್ತಿದ್ದ ವೈದ್ಯ ಜಾನ್ ಸ್ನೋ ಅವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ಕಳಚಿಸಿದರು. ಅಷ್ಟರಲ್ಲಾಗಲೇ ನೂರಾರು ಜನ ಸತ್ತಿದ್ದರು. ಆ ಸುತ್ತಿನಲ್ಲಿ ಒಟ್ಟು 600ಕ್ಕೂ ಹೆಚ್ಚು ಮಂದಿಯನ್ನು ರೋಗ ಬಲಿ ತೆಗೆದುಕೊಂಡಿತು. ಕೊಂದ ನೀರು ರುಚಿಯಾದ ನೀರೇ.

ಮಲದಿಂದ ನೀರಿಗೆ ಬರುವ ಇ.ಕೊಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಒಂದು ಮಿಲಿಮೀಟರ್ ಗೆರೆಯಲ್ಲಿ 500 ಬ್ಯಾಕ್ಟೀರಿಯಾಗಳು ಸಾಲಾಗಿ ನಿಲ್ಲಬಹುದು. ಕಣ್ಣಿಗೆ ಕಾಣುವುದು ಮಣ್ಣು, ನಾಲಿಗೆಗೆ ತಿಳಿಯುವುದು ಲವಣ. ಇದನ್ನು ತಿಳಿಯಲು ಎರಡಕ್ಕೂ ಆಗುವುದಿಲ್ಲ.

ಅಜ್ಜನ ಕಾಲದ ಮಾತು ಬಂತು, ಅದಕ್ಕೂ ಹೇಳಿಬಿಡುತ್ತೇನೆ. ಆ ನೀರು ಕುಡಿದು ಬದುಕಿದವರು ನಿಮ್ಮ ಕಣ್ಣ ಮುಂದೆ ಇದ್ದಾರೆ. ಎಳವೆಯಲ್ಲೇ ಹೊಟ್ಟೆ ಕೆಟ್ಟು ಹೋದ ಕೂಸುಗಳ ಸಾವನ್ನು ಯಾರೂ ಬಾವಿಯ ಲೆಕ್ಕಕ್ಕೆ ಬರೆಯಲಿಲ್ಲ. ನೀರು ತಳದಿಂದ ಗುಳುಗುಳು ಎಂದು ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿರುವವರು ಮೂರು ನಿಮಿಷ ಕುದಿಸಬೇಕು. ಅದೇ ಪಾತ್ರೆಯಲ್ಲಿ, ಮುಚ್ಚಿಟ್ಟು ಆರಿಸಬೇಕು. ‘ಅದೇ ಪಾತ್ರೆ’ ಏಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಅಕ್ಕ, ನಮ್ಮ ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿದೆವು. ಕುಡಿಯಲು ಯೋಗ್ಯ ಎಂದೇ ವರದಿ ಬಂತು. ಆದರೂ ಎರಡು ವರ್ಷದ ಮಗನಿಗೆ ತಿಂಗಳಿಗೊಮ್ಮೆ ಭೇದಿ ತಪ್ಪುವುದಿಲ್ಲ. ವರದಿಯೇ ತಪ್ಪಿರಬಹುದೇ?

ಉತ್ತರ: ವರದಿ ಸರಿಯಾಗಿಯೇ ಇರಬಹುದು, ತಾಯಿ. ಆದರೆ ವರದಿ ನಲ್ಲಿಯ ಮಾತು ಹೇಳುತ್ತದೆ, ನಿಮ್ಮ ಮಗನ ಲೋಟದ ಮಾತು ಹೇಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಬಗೆಯ ದೂರು ಒಂದು ಮನೆಯಿಂದ ಬಂತು. ನಮ್ಮ ಹಿರಿಯ ಸಹೋದ್ಯೋಗಿ ಎರಡು ಸೀಸೆ ಕೊಟ್ಟು ಕಳುಹಿಸಿದರು: ಒಂದಕ್ಕೆ ನಲ್ಲಿಯಿಂದ, ಇನ್ನೊಂದಕ್ಕೆ ಆ ಮನೆಯವರು ಕುಡಿಯುವ ಕೊಡದಿಂದ ಹಿಡಿದು ತಾ ಎಂದರು. ತಂದೆ. ಪ್ರತಿಯೊಂದರಿಂದಲೂ 100 ಮಿಲಿಲೀಟರ್ ನೀರನ್ನು ಸಣ್ಣ ರಂಧ್ರಗಳ ತೆಳು ಪೊರೆಯ ಮೂಲಕ ಸೋಸಿ, ಆ ಪೊರೆಯನ್ನು ಬ್ಯಾಕ್ಟೀರಿಯಾಗಳ ಆಹಾರ ಹಾಕಿದ ಗಾಜಿನ ತಟ್ಟೆಯ ಮೇಲಿಟ್ಟು, 44 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಟ್ಟೆವು. ಮರುದಿನ ಬೆಳಿಗ್ಗೆ ತೆಗೆದಾಗ ನಲ್ಲಿಯ ತಟ್ಟೆ ಖಾಲಿ. ಅದರ ಪೊರೆ ಹಾಕಿದಾಗ ಹೇಗಿತ್ತೋ ಹಾಗೆಯೇ ಇತ್ತು. ಕೊಡದ ತಟ್ಟೆಯ ತುಂಬ ಸಾಸಿವೆ ಚೆಲ್ಲಿದಂತೆ ಹಳದಿ ಚುಕ್ಕೆಗಳು. ಎಣಿಸಲು ಕೂತು, ಒಂದರ ಮೈಗೆ ಇನ್ನೊಂದು ಅಂಟಿಕೊಂಡಿದ್ದರಿಂದ ಅರ್ಧಕ್ಕೇ ಕೈಬಿಟ್ಟೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ.ಕೊಲೈ ಒಂದೂ ಇರಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಲ್ಲಿಗೂ ಕೊಡಕ್ಕೂ ನಡುವೆ ಇದ್ದದ್ದು ಹತ್ತು ಹೆಜ್ಜೆ.

ಮತ್ತೆ ಆ ಮನೆಗೆ ಹೋಗಿ ಏನನ್ನೂ ಕೇಳದೆ ಸುಮ್ಮನೆ ಕೂತು ನೋಡಿದೆ. ಅಗಲ ಬಾಯಿಯ ಪಾತ್ರೆ, ಮುಚ್ಚಳ ಅರ್ಧ ಸರಿದಿದೆ. ಹೊರಗೆ ಆಡುತ್ತಿದ್ದ ಹುಡುಗಿ ಓಡಿ ಬಂದಳು, ಲೋಟ ತೆಗೆದುಕೊಂಡು ಮಣಿಕಟ್ಟಿನವರೆಗೆ ಕೈ ಮುಳುಗಿಸಿ ನೀರು ಮೊಗೆದಳು, ಎರಡು ಗುಟುಕು ಕುಡಿದು ಉಳಿದದ್ದನ್ನು ಕೊಡಕ್ಕೇ ಸುರಿದು ಓಡಿದಳು. ಯಾರೂ ಏನೂ ಅನ್ನಲಿಲ್ಲ, ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಆಗಲೇ. ನಾನು ದಿನವೂ ನೀರು ಕುದಿಸುತ್ತಿದ್ದೆ, ಆರಿದ ಮೇಲೆ ಹಿಂದಿನ ದಿನದ ನೀರು ತಳದಲ್ಲಿ ಉಳಿದ ಪಾತ್ರೆಗೇ ಸುರಿಯುತ್ತಿದ್ದೆ. ನನ್ನ ಮಗನಿಗೂ ಆಗಾಗ ಹೊಟ್ಟೆ ಕೆಡುತ್ತಿತ್ತು. ಊರ ನೀರನ್ನೆಲ್ಲ ಪರೀಕ್ಷೆ ಮಾಡುವ ನಾನು ನನ್ನ ಅಡುಗೆಮನೆಯ ನೀರನ್ನು ಪರೀಕ್ಷಿಸಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಈ ಪ್ರಶ್ನೆಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ಕುಡಿಯುವ ನೀರಿಗೆ ಕೈ ತೂರದಷ್ಟು ಕಿರಿದಾದ ಬಾಯಿಯ ಪಾತ್ರೆ ಇಡಿ. ಕೆಳಗೆ ನಲ್ಲಿ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ಅದಿಲ್ಲದಿದ್ದರೆ ಉದ್ದ ಹಿಡಿಯ ಸೌಟೊಂದನ್ನು ನೀರಿಗೆಂದೇ ಮೀಸಲಿಟ್ಟು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಕೊಡದ ಮುಚ್ಚಳದ ಮೇಲೆ ಮಲಗಿಸಿಟ್ಟ ಸೌಟು ನೆಲಕ್ಕೆ ಬಿದ್ದೇ ಬೀಳುತ್ತದೆ, ಯಾರೋ ಎತ್ತಿ ಹಾಗೆಯೇ ಅದ್ದುತ್ತಾರೆ. ಹಳೆಯ ನೀರಿನ ಮೇಲೆ ಹೊಸ ನೀರು ತುಂಬಬೇಡಿ. ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ಸೋಪು ಹಚ್ಚಿ ಉಜ್ಜಿ. ಬೆರಳಾಡಿಸಿದಾಗ ಜಾರುವ ಲೋಳೆ ಸಿಕ್ಕಿದರೆ ಅದೇ ಬ್ಯಾಕ್ಟೀರಿಯಾಗಳ ಮನೆ. ನಲ್ಲಿಗೆ ಕಟ್ಟಿದ ರಬ್ಬರ್ ಕೊಳವೆ ನೆಲದ ಮೇಲೆ ಬಿದ್ದಿರುತ್ತದೆಯೇ ಎಂದೂ ಒಮ್ಮೆ ನೋಡಿ.

ಮನವರಿಕೆ ಆಗದವರಿಗೆ ಕಡಿಮೆ ಖರ್ಚಿನ ಒಂದು ಪರೀಕ್ಷೆ ಇದೆ. ಹೈಡ್ರೋಜನ್ ಸಲ್ಫೈಡ್ ಸೀಸೆ ಎನ್ನುತ್ತಾರೆ. ಸೀಸೆಯ ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ನೀರು ಮಸಿಯಂತೆ ಕಪ್ಪಾದರೆ ಮಲದ ಸೋಂಕಿನ ಶಂಕೆ ಇದೆ ಎಂದು ಅರ್ಥ. ಕಪ್ಪಾಗಲಿಲ್ಲ ಎಂದ ಮಾತ್ರಕ್ಕೆ ನೀರು ಪೂರ್ತಿ ನಿರ್ಮಲ ಎಂದೇನಲ್ಲ, ಆದರೆ ಕಪ್ಪಾದ ಸೀಸೆಯನ್ನು ಒಮ್ಮೆ ಕಂಡವರು ಕೊಡಕ್ಕೆ ಮತ್ತೆ ಕೈ ಹಾಕುವುದಿಲ್ಲ. ನಲ್ಲಿಯದೊಂದು, ಕೊಡದ್ದೊಂದು ಜೋಡಿಯಾಗಿ ಇಟ್ಟು ಮನೆಮಂದಿಗೆಲ್ಲ ತೋರಿಸಿ.

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದಿದ್ದಾರೆ. ಚೆನ್ನಾಗಿ ಕುದಿಸಿದರೆ ಹೋಗುತ್ತದೆಯಲ್ಲವೇ?

ಉತ್ತರ: ಹೋಗುವುದಿಲ್ಲ, ಹೆಚ್ಚಾಗುತ್ತದೆ. ಕುದಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಆರ್ಸೆನಿಕ್, ನೈಟ್ರೇಟ್‌ಗಳದ್ದೂ ಇದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ. ಮಿತಿ ಮೀರಿದ ಫ್ಲೋರೈಡ್ ಮೊದಲು ಮಕ್ಕಳ ಹಲ್ಲಿನಲ್ಲಿ ಕಲೆಯಾಗಿ ತೋರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ಕುಡಿಯಲು ಮತ್ತು ಅಡುಗೆಗೆ ಬೇರೆ ಮೂಲದ ನೀರು ಹುಡುಕಿ, ಶುಚಿಯಾಗಿ ಹಿಡಿದ ಮಳೆನೀರಾದರೂ ಆದೀತು. ಅದು ಸಾಧ್ಯವೇ ಇಲ್ಲದಿದ್ದರೆ ಫ್ಲೋರೈಡ್ ತೆಗೆಯಲೆಂದೇ ಮಾಡಿದ ಶೋಧಕ ಬೇಕು. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರನ್ನೇ ಬಳಸಿ, ಭಯವಿಲ್ಲ.

ಪಟಿಕದ ಬಗ್ಗೆ ಕೇಳಿದವರಿಗೂ ಇಲ್ಲೇ ಒಂದು ಮಾತು: ಅದು ಕದಡಿದ ನೀರಿನ ಮಣ್ಣನ್ನು ತಳಕ್ಕೆ ಇಳಿಸುತ್ತದೆ. ರೋಗಾಣುಗಳನ್ನು ಕೊಲ್ಲುವ ಕೆಲಸ ಅದರದ್ದಲ್ಲ. ತಿಳಿಯಾದ ಮೇಲೆ ಕುದಿಸಬೇಕು ಇಲ್ಲವೇ ಕ್ಲೋರಿನ್ ಹಾಕಬೇಕು.

ಪ್ರಶ್ನೆ: ತೆರೆದ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ನಮ್ಮಲ್ಲಿ ಒಬ್ಬರು ಎರಡು ಹಿಡಿ ಎಸೆಯುತ್ತಾರೆ, ಒಬ್ಬರು ಅರ್ಧ ಚೀಲ ಎನ್ನುತ್ತಾರೆ.

ಉತ್ತರ: ಹಿಡಿಯ ಲೆಕ್ಕವೂ ಬೇಡ, ಚೀಲದ ಲೆಕ್ಕವೂ ಬೇಡ. ಬಾವಿಯಲ್ಲಿ ನೀರೆಷ್ಟಿದೆ ಎಂದು ಮೊದಲು ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ ಎತ್ತಿದರೆ ಒದ್ದೆಯಾದ ಭಾಗವೇ ನೀರಿನ ಆಳ. ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಮೀಟರಿನಲ್ಲಿ ಅಳೆದಿದ್ದರೆ ಬಂದ ಸಂಖ್ಯೆಯನ್ನು 1000ದಿಂದ ಗುಣಿಸಿದರೆ ಲೀಟರ್. 2 ಮೀಟರ್ ಅಡ್ಡಳತೆಯ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 12,560 ಲೀಟರ್ ಆಯಿತು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ, ಅಂದರೆ ಆ ಬಾವಿಗೆ ಸುಮಾರು 31 ಗ್ರಾಂ. ಹೊಸ ಪುಡಿಯಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ, ಗಂಟುಗಂಟಾದ ಪುಡಿಯಲ್ಲಿ ಸುಣ್ಣವಷ್ಟೇ ಉಳಿದಿರುತ್ತದೆ. ನೀರು ಕದಡಿದ್ದರೆ ಈ ಪ್ರಮಾಣ ಸಾಲದು.

ಪುಡಿಯನ್ನು ನೇರವಾಗಿ ಬಾವಿಗೆ ಎಸೆಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಬೆರೆಸಿ ಮೊದಲು ಮುದ್ದೆ ಮಾಡಿ, ಬಕೆಟಿನ ಮುಕ್ಕಾಲಿನವರೆಗೆ ನೀರು ಸೇರಿಸಿ ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿದರೆ ಈ ಕಷ್ಟವಿಲ್ಲ. ಗಂಟೆ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ಮಾತ್ರೆ ಹಾಕಿ ನೀರು ಗುಲಾಬಿಯಾಗುವುದನ್ನು ನೋಡುವ ಪುಟ್ಟ ಪರೀಕ್ಷಾ ಪೆಟ್ಟಿಗೆಗಳು ಸಿಗುತ್ತವೆ. ಉಳಿದ ಆ ಚೂರು ಕ್ಲೋರಿನ್ನೇ ಮುಖ್ಯ. ಬಾವಿಯಿಂದ ಕೊಡಕ್ಕೆ, ಕೊಡದಿಂದ ಲೋಟಕ್ಕೆ ಹೋಗುವ ದಾರಿಯಲ್ಲಿ ಸೇರುವ ಕೊಳೆಯನ್ನು ಸ್ವಲ್ಪವಾದರೂ ಎದುರಿಸುವುದು ಅದೊಂದೇ. ಕುದಿಸಿದ ನೀರಿಗೆ ಆ ಕಾವಲು ಇರುವುದಿಲ್ಲ.

ಪ್ರಶ್ನೆ: ಪುಟ್ಟ ಮಗುವಿನ ಮಲದಲ್ಲಿ ದೋಷವೇನೂ ಇರುವುದಿಲ್ಲ, ಬರೀ ಹಾಲು ಕುಡಿಯುವ ಕೂಸು ಎಂದು ನಮ್ಮ ಅತ್ತೆ ಅಂಗಳದ ಮೂಲೆಗೆ ಎಸೆಯುತ್ತಾರೆ. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಹೇಗೆ ಹೇಳಲಿ?

ಉತ್ತರ: ಅವರಿಗೆ ಬ್ರಾಡ್ ಸ್ಟ್ರೀಟಿನ ಪಂಪಿನ ಕಥೆಯ ಉಳಿದ ಅರ್ಧವನ್ನು ಓದಿ ಹೇಳಿ. ಆ ಪಂಪಿನ ನೀರು ಕೆಟ್ಟದ್ದು ಹೇಗೆ ಎಂದು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಮನೆ ಮನೆ ಸುತ್ತಿ ಹುಡುಕಿದರು. ಪಂಪಿನ ಮಗ್ಗುಲಲ್ಲೇ ಇದ್ದ ಮನೆಯಲ್ಲಿ ಐದು ತಿಂಗಳ ಹೆಣ್ಣು ಕೂಸಿಗೆ ಭೇದಿಯಾಗಿತ್ತು. ತಾಯಿ ಕೂಸಿನ ಬಟ್ಟೆ ಅದ್ದಿ ತೊಳೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಆ ಗುಂಡಿಯ ಇಟ್ಟಿಗೆ ಗೋಡೆ ಶಿಥಿಲವಾಗಿತ್ತು, ಅಲ್ಲಿಂದ ಬಾವಿಗೆ ಮೂರು ಅಡಿಯೂ ಇರಲಿಲ್ಲ. ಕೂಸೂ ಉಳಿಯಲಿಲ್ಲ. ಆ ತಾಯಿಯದ್ದು ತಪ್ಪು ಎನ್ನಲು ನನ್ನ ಬಾಯಿ ಬರುವುದಿಲ್ಲ, ಆಕೆಗೆ ಅದನ್ನು ತಿಳಿಸುವವರು ಯಾರೂ ಇರಲಿಲ್ಲ. ನಮಗೆ ತಿಳಿದಿದೆ.

ಅತ್ತೆಯೊಡನೆ ವಾದಕ್ಕೆ ನಿಲ್ಲಬೇಡಿ. ಮುಚ್ಚಳವಿರುವ ಪುಟ್ಟ ಮಲಪಾತ್ರೆಯೊಂದನ್ನು ಅವರ ಕೈಗೆ ಎಟುಕುವ ಕಡೆ ಇಟ್ಟುಬಿಡಿ. ಅದರಲ್ಲಿರುವುದನ್ನು ಶೌಚಾಲಯಕ್ಕೆ ಸುರಿಯಬೇಕು, ಬಟ್ಟೆ ತೊಳೆದ ನೀರನ್ನೂ ಅಲ್ಲಿಗೇ. ಕೂಸನ್ನು ತೊಳೆದವರು ಸೋಪು ಹಚ್ಚಿ ಕೈ ತೊಳೆಯಬೇಕು, ಕೂಸಿನ ಕೈಯನ್ನೂ ತೊಳೆಯಬೇಕು. ಅಂಗಳದಲ್ಲಿ ಅಂಬೆಗಾಲಿಟ್ಟು ಹೋಗಿ ಮಣ್ಣನ್ನು ಬಾಯಿಗಿಡುವುದು ಅದೇ ಕೂಸಲ್ಲವೇ?

ಪ್ರಶ್ನೆ: ಹೊಸ ಮನೆ ಕಟ್ಟುತ್ತಿದ್ದೇವೆ. ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿಬಿಟ್ಟರೆ ಜೀವಮಾನವಿಡೀ ಚಿಂತೆಯಿಲ್ಲ ಎನ್ನುತ್ತಾರೆ ಮೇಸ್ತ್ರಿ. ಅವಳಿ ಗುಂಡಿ ಸಾಕು ಎನ್ನುತ್ತಾನೆ ತಮ್ಮ. ಯಾವುದು ಸರಿ?

ಉತ್ತರ: ಬಂಡೆ ಇಲ್ಲದ, ನೀರು ಇಂಗುವ, ಅಂತರ್ಜಲ ಆಳದಲ್ಲಿರುವ ಜಾಗವಾದರೆ ನಿಮ್ಮ ತಮ್ಮ ಹೇಳುವುದೇ ಸರಿ. ಒಂದು ಮೀಟರಿನಷ್ಟು ಅಂತರ ಬಿಟ್ಟು ಎರಡು ಗುಂಡಿ, ಗೋಡೆಯಲ್ಲಿ ಜೇನುಗೂಡಿನಂತೆ ತೂತು ಬಿಟ್ಟ ಇಟ್ಟಿಗೆ, ತಳಕ್ಕೆ ಗಾರೆ ಇಲ್ಲ. ಶೌಚದ ಕೊಳವೆ ಬಂದು ಕವಲೊಡೆಯುವ ಕಡೆ ಒಂದು ಪುಟ್ಟ ತೊಟ್ಟಿ. ಅಲ್ಲಿ ಒಂದು ಕವಲನ್ನು ಇಟ್ಟಿಗೆ ಇಟ್ಟು ಮುಚ್ಚಿರಬೇಕು, ಒಂದು ಸಲಕ್ಕೆ ಒಂದೇ ಗುಂಡಿ ಬಳಕೆಯಲ್ಲಿರಬೇಕು. ಮೊದಲನೆಯದು ತುಂಬಿದಾಗ ಇಟ್ಟಿಗೆಯನ್ನು ಆಚೆ ಕವಲಿಗೆ ಇಡುವುದಷ್ಟೇ ಕೆಲಸ. ತುಂಬಿದ ಗುಂಡಿಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ವಾಸನೆಯಿಲ್ಲದ, ಕೈಯಲ್ಲಿ ಉದುರುವ ಗೊಬ್ಬರವಾಗುತ್ತದೆ. ಎರಡೂ ಕವಲನ್ನು ತೆರೆದಿಟ್ಟು, ಎರಡು ಗುಂಡಿಗೂ ಒಟ್ಟಿಗೇ ಹರಿಯಬಿಟ್ಟ ಮನೆಗಳನ್ನು ಎಷ್ಟೋ ಕಂಡಿದ್ದೇನೆ. ಹಾಗೆ ಮಾಡಿದರೆ ಎರಡೂ ಒಂದೇ ಸಲ ತುಂಬುತ್ತವೆ, ಇಡೀ ಏರ್ಪಾಡು ವ್ಯರ್ಥ. ಗುಂಡಿಯಿಂದ ಬಾವಿಗೆ ಕನಿಷ್ಠ 30 ಮೀಟರ್ ದೂರವಿರಲಿ, ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ 1.5 ಮೀಟರ್ ಒಣನೆಲ ಇರಲಿ.

ಸೆಪ್ಟಿಕ್ ಟ್ಯಾಂಕೇ ಬೇಕಾದ ಕಡೆ ಅದನ್ನೇ ಕಟ್ಟಿ, ಆದರೆ ಅದರಿಂದ ಹೊರಬರುವ ನೀರು ಶುದ್ಧವಲ್ಲ. ಅದನ್ನು ಬೀದಿ ಚರಂಡಿಗೆ ಬಿಟ್ಟರೆ ನಿಮ್ಮ ಮಲವನ್ನು ನೆರೆಯವರ ಬಾಗಿಲಿಗೆ ಬಿಟ್ಟಂತೆ. ಅದಕ್ಕೊಂದು ಇಂಗುಗುಂಡಿ ಬೇಕೇ ಬೇಕು. ಜೀವಮಾನವಿಡೀ ಚಿಂತೆಯಿಲ್ಲ ಎಂಬುದೂ ಸುಳ್ಳು. ಎರಡು ಮೂರು ವರ್ಷಕ್ಕೊಮ್ಮೆ ತಳದ ಕೆಸರನ್ನು ತೆಗೆಸಬೇಕು.

ಈ ಕೆಸರು ತೆಗೆಸುವ ವಿಷಯಕ್ಕೆ ಬಂದಾಗ ನನಗೆ ಮಾತು ಬಿಗಿಯಾಗುತ್ತದೆ. ಹೀರುವ ಯಂತ್ರದ ಲಾರಿಯನ್ನೇ ಕರೆಸಿ. ಮನುಷ್ಯನನ್ನು ಒಳಗೆ ಇಳಿಸಬೇಡಿ, ಒಂದೇ ಒಂದು ನಿಮಿಷಕ್ಕೂ ಬೇಡ. ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬಡಿಯುತ್ತದೆ. ಹೆಚ್ಚಾದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ‘ವಾಸನೆ ನಿಂತಿದೆ, ಇಳಿಯಬಹುದು’ ಎಂದುಕೊಂಡವನು ಎರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದು ಹೀಗೆ. ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟಿದ್ದೇವೆ ಎಂಬುದು ರಕ್ಷಣೆಯಲ್ಲ, ಏಕೆಂದರೆ ಕೆಸರನ್ನು ಕಲಕಿದ ಕೂಡಲೇ ಅಡಗಿದ್ದ ಅನಿಲ ಏಳುತ್ತದೆ. ಮನೆ ಕಟ್ಟುವಾಗಲೇ ಲಾರಿಯ ಕೊಳವೆ ತಲುಪುವ ಜಾಗದಲ್ಲಿ ಟ್ಯಾಂಕಿನ ಬಾಯಿ ಇರುವಂತೆ ಮೇಸ್ತ್ರಿಗೆ ಹೇಳಿ. ಹಿತ್ತಿಲ ಮೂಲೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹಾಸಿದರೆ ನಾಳೆ ಒಬ್ಬ ಬಡವನನ್ನು ಇಳಿಸಲು ಇಂದೇ ಏರ್ಪಾಡು ಮಾಡಿದಂತೆ.

ಪ್ರಶ್ನೆ: ಶಾಲೆಯಲ್ಲಿ ಶೌಚಾಲಯ ಕಟ್ಟಿದ್ದಾರೆ. ಆದರೂ ಏಳು, ಎಂಟನೆಯ ತರಗತಿಯ ಹುಡುಗಿಯರು ಬಳಸುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಇರುತ್ತಾರೆ. ತಿಂಗಳಲ್ಲಿ ಮೂರು ನಾಲ್ಕು ದಿನ ಶಾಲೆಗೇ ಬರುವುದಿಲ್ಲ. ಶಿಕ್ಷಕಿಯಾಗಿ ನಾನೇನು ಮಾಡಲಿ?

ಉತ್ತರ: ನಾಳೆ ಶಾಲೆ ಬಿಟ್ಟ ಮೇಲೆ ನೀವೇ ಆ ಶೌಚಾಲಯದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಮೇಡಂ. ಚಿಲಕ ಒಳಗಿನಿಂದ ಬೀಳುತ್ತದೆಯೇ? ನಾನು ನೋಡಿದ ಒಂದು ಶಾಲೆಯಲ್ಲಿ ಚಿಲಕದ ಕೊಂಡಿ ಕಿತ್ತುಹೋಗಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಅಷ್ಟು ದೊಡ್ಡ ಕಟ್ಟಡ ಒಂದು ಬೆರಳುದ್ದದ ಕಬ್ಬಿಣಕ್ಕಾಗಿ ಬರಿದಾಗಿ ನಿಂತಿತ್ತು. ಚಿಲಕ ಹಾಕಿದ ಮೇಲೆ ಸುತ್ತ ನೋಡಿ. ನೀರು ಒಳಗೇ ಇದೆಯೇ, ಬಕೆಟ್ ಹಿಡಿದು ಹುಡುಗರ ಕಣ್ಣೆದುರು ಹಾದು ಬರಬೇಕೇ? ಬಟ್ಟೆ ಸಿಕ್ಕಿಸಲು ಮೊಳೆ ಇದೆಯೇ? ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ, ಅದನ್ನು ಖಾಲಿ ಮಾಡುವ ಹೊಣೆ ಯಾರದ್ದು? ಬೆಳಕು ಬೀಳುತ್ತದೆಯೇ, ಗೋಡೆಯ ಮೇಲಿಂದ ಯಾರಾದರೂ ಇಣುಕಬಹುದೇ? ನೀವು ಐದು ನಿಮಿಷ ನಿಶ್ಚಿಂತೆಯಿಂದ ಇರಲಾಗದ ಕಡೆ ಹದಿಮೂರರ ಹುಡುಗಿ ಹೇಗೆ ಇದ್ದಾಳು?

ಆಮೇಲೆ ಹುಡುಗಿಯರನ್ನು ಕೂರಿಸಿಕೊಂಡು ಕೇಳಿ, ಬೇಕಾದರೆ ಹೆಸರಿಲ್ಲದ ಚೀಟಿಯಲ್ಲಿ ಬರೆಸಿ. ಕಟ್ಟುವ ಮುಂಚೆ ಕೇಳಬೇಕಿತ್ತು, ಈಗಲಾದರೂ ಕೇಳೋಣ. ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನ ನೂಕಿದರೆ ಮೂತ್ರನಾಳದ ಸೋಂಕಿಗೆ ದಾರಿ. ಇದನ್ನು ಅವರಿಗೆ ಹೇಳುವುದರ ಜೊತೆಗೆ ಮುಖ್ಯೋಪಾಧ್ಯಾಯರಿಗೂ ಹೇಳಿ. ಬಟ್ಟೆ ಬಳಸುವ ಹುಡುಗಿಯರಿಗೆ ಅದನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲೇ ಒಣಗಿಸಬೇಕು ಎಂದು ತಿಳಿಸಿ. ಬೇರೆ ಬಟ್ಟೆಯ ಅಡಿಯಲ್ಲಿ ಅಡಗಿಸಿ ಒಣಗಿಸಿದ ಬಟ್ಟೆ ಒಳಗೇ ತೇವ ಉಳಿಸಿಕೊಳ್ಳುತ್ತದೆ.

ಪ್ರಶ್ನೆ: ಕೈ ಮಣ್ಣಾಗಿಲ್ಲ, ಎಣ್ಣೆಯಾಗಿಲ್ಲ. ಬರೀ ನೀರಿನಲ್ಲಿ ತೊಳೆದರೆ ಸಾಲದೇ? ಸೋಪು ಯಾಕೆ?

ಉತ್ತರ: ರೋಗಾಣುಗಳು ಚರ್ಮದ ಜಿಡ್ಡಿಗೆ ಅಂಟಿಕೊಂಡಿರುತ್ತವೆ, ನೀರು ಆ ಜಿಡ್ಡಿನ ಮೇಲೆ ಜಾರಿ ಹೋಗುತ್ತದೆ. ಸೋಪು ಜಿಡ್ಡನ್ನು ಬಿಡಿಸುತ್ತದೆ, ಜೊತೆಗೆ ಅವೂ ಕೊಚ್ಚಿಹೋಗುತ್ತವೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ಬರುವ ವೈದ್ಯರೆಲ್ಲ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕು ಎಂದು ಕಟ್ಟುನಿಟ್ಟು ಮಾಡಿದರು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆ ವೈದ್ಯರ ಕೈಗಳೂ ನೋಡಲು ಶುಚಿಯಾಗಿಯೇ ಇದ್ದವು.

ಶೌಚದ ನಂತರ, ಕೂಸನ್ನು ತೊಳೆದ ನಂತರ, ಅಡುಗೆಗೆ, ಊಟಕ್ಕೆ, ಮಗುವಿಗೆ ಉಣಿಸುವುದಕ್ಕೆ ಮುಂಚೆ 20 ಸೆಕೆಂಡು ಉಜ್ಜಿ. ಉಗುರಿನ ಸಂದಿ ಮತ್ತು ಹೆಬ್ಬೆರಳು ಎಲ್ಲರೂ ಮರೆಯುವ ಜಾಗಗಳು. ಸೋಪನ್ನು ಶೌಚಾಲಯದ ಬಾಗಿಲಲ್ಲೇ ಇಡಿ. ನಾಲ್ಕು ಹೆಜ್ಜೆ ಆಚೆ ಇದ್ದರೆ ಅರ್ಧ ಜನ ಹಾಗೆಯೇ ಹೋಗುತ್ತಾರೆ.

ಪ್ರಶ್ನೆ: ಮಗುವಿಗೆ ಭೇದಿ ಶುರುವಾದರೆ ನೀರು ಕೊಡಬಾರದು ಎನ್ನುತ್ತಾರೆ. ನಿಜವೇ?

ಉತ್ತರ: ಇದು ಜೀವ ತೆಗೆಯುವ ಮಾತು, ದಯವಿಟ್ಟು ನಂಬಬೇಡಿ. ಭೇದಿಯಲ್ಲಿ ಮಗು ಸಾಯುವುದು ಮೈಯ ನೀರು, ಲವಣ ಬರಿದಾಗಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗದೆ ಸಮತಟ್ಟಾಗಿರಬೇಕು. ಉಪ್ಪು ಹೆಚ್ಚಾದರೆ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಸತುವಿನ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಿದ್ದಾಗ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋಗಿ, ವೈದ್ಯ ದಿಲೀಪ್ ಮಹಲನಬಿಸ್ ಅವರು ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ. ದಾರಿಯಲ್ಲೂ ಕುಡಿಸುತ್ತಿರಿ.

ಪ್ರಶ್ನೆ: ನೀವು ಕೈ ತೊಳೆಯಿರಿ, ಕೊಡ ತೊಳೆಯಿರಿ ಎಂದು ಬರೆಯುತ್ತೀರಿ. ನಮ್ಮ ಪಂಪು ಕೆಟ್ಟು ಐದು ತಿಂಗಳಾಯಿತು. ಹೋಗಿ ಬರಲು ಒಂದು ಗಂಟೆ, ದಿನಕ್ಕೆ ಮೂರು ಸಲ. ತಂದ ನೀರಿನಲ್ಲಿ ಕೊಡ ತೊಳೆಯಲೇ, ಮಕ್ಕಳಿಗೆ ಕುಡಿಸಲೇ?

ಉತ್ತರ: ಅಮ್ಮ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ನ್ಯಾಯ. 20 ಲೀಟರಿನ ಕೊಡ ಎಂದರೆ 20 ಕಿಲೋ ಭಾರ. ದಿನಕ್ಕೆ ಮೂರು ಗಂಟೆ ಅದನ್ನು ಹೊತ್ತವರಿಗೆ ಶುಚಿತ್ವದ ಪಾಠ ಹೇಳುವ ಮುಂಚೆ ನೀರು ಕೊಡಬೇಕು.

2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮತ್ತು ಶೌಚ ವ್ಯವಸ್ಥೆ ಮನುಷ್ಯನ ಹಕ್ಕು ಎಂದು ಒಪ್ಪಿತು. 122 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾರೂ ಹಾಕಲಿಲ್ಲ. ಆದರೂ 2022ರಲ್ಲಿ ಮನೆಯಂಗಳದಲ್ಲೇ, ಬೇಕಾದಾಗ, ಸೋಂಕಿಲ್ಲದೆ ಸಿಗುವ ನೀರು 220 ಕೋಟಿ ಜನರಿಗೆ ಇರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಹಾಕಿವೆ. ಸರದಿಯಲ್ಲಿ ಕಾಯುವ ಹೊತ್ತೂ ಸೇರಿ ಹೋಗಿ ಬರಲು 30 ನಿಮಿಷ ಮೀರಿದರೆ ಅದನ್ನು ಮೂಲಭೂತ ಸೌಲಭ್ಯ ಎಂದೂ ಅವರು ಎಣಿಸುವುದಿಲ್ಲ. ನಿಮ್ಮದು ಅದಕ್ಕಿಂತ ಎರಡು ಪಟ್ಟು.

ಪಂಪು ಕೆಟ್ಟು ನಿಲ್ಲುವುದಕ್ಕೆ ಬಹಳ ಸಲ ಕಾರಣ ಸವೆದ ಒಂದು ವಾಷರ್ ಅಥವಾ ಮುರಿದ ಸರಳು. ಅದನ್ನು ಬದಲಿಸುವವರು ಯಾರು, ಬಿಡಿಭಾಗ ಎಲ್ಲಿ ಸಿಗುತ್ತದೆ, ಹಣ ಯಾರು ಕೊಡಬೇಕು ಎಂಬುದನ್ನು ಪಂಪು ಹಾಕಿದ ದಿನ ಯಾರೂ ಗೊತ್ತುಮಾಡಿರುವುದಿಲ್ಲ. ಕೇಳುವಾಗ ಪಂಪಿನ ರಿಪೇರಿಯನ್ನಷ್ಟೇ ಕೇಳಬೇಡಿ. ಮುಂದೆ ನೋಡಿಕೊಳ್ಳುವವರ ಹೆಸರನ್ನೂ ಬರೆಸಿಕೊಳ್ಳಿ. ನಿಮ್ಮಲ್ಲೇ ಇಬ್ಬರು ಹೆಂಗಸರಿಗೆ ರಿಪೇರಿ ಕಲಿಸಿ ಎಂದು ಒತ್ತಾಯಿಸಿ. ನೀರು ನಿಂತರೆ ಮೊದಲು ನಡೆಯಬೇಕಾದವರು ಅವರೇ, ಆದ್ದರಿಂದ ಮೊದಲು ಎದ್ದು ಸರಿಪಡಿಸುವವರೂ ಅವರೇ ಆಗುತ್ತಾರೆ.

ಅಲ್ಲಿಯವರೆಗೆ, ತಂದ ನೀರಿನಲ್ಲಿ ಮೊದಲ ಪಾಲು ಕುಡಿಯಲು, ಎರಡನೆಯದು ಅಡುಗೆಗೆ ಮತ್ತು ಕೈಗೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ತಲೆಕೆಳಗಾಗಿ ಕಟ್ಟಿದರೆ ನೂಲಿನಷ್ಟು ಸಣ್ಣ ಧಾರೆಯಲ್ಲಿ ಕೈ ತೊಳೆಯಬಹುದು, ಚೊಂಬಿನಲ್ಲಿ ಸುರಿದಷ್ಟು ಖರ್ಚಾಗುವುದಿಲ್ಲ. ಸೋಪು ತೀರಿದ್ದರೆ ಶುಚಿಯಾದ ಒಲೆಯ ಬೂದಿಯೂ ಆದೀತು. ಕುದಿಸಲು ಸೌದೆಯಿಲ್ಲದಿದ್ದರೆ, ಗೀರುಗಳಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಿಳಿನೀರು ತುಂಬಿ, ಮಲಗಿಸಿ, ಪೂರ್ತಿ ಆರು ಗಂಟೆ ಬಿಸಿಲಿಗಿಡಿ. ಮೋಡವಿದ್ದರೆ ಎರಡು ದಿನ. ಬಾಟಲಿ ಎರಡು ಲೀಟರಿಗಿಂತ ದೊಡ್ಡದು ಬೇಡ. ಕುಡಿಯುವುದೂ ಆ ಬಾಟಲಿಯಿಂದಲೇ ಆಗಲಿ, ಕೊಡಕ್ಕೆ ಸುರಿಯಬೇಡಿ.

ಇನ್ನೊಂದು ಕೆಲಸ ಮಾಡಿ. ಒಂದು ವಾರ, ಮನೆಯಿಂದ ಹೊರಟ ಹೊತ್ತು, ಮರಳಿದ ಹೊತ್ತು, ತಂದ ಕೊಡಗಳ ಸಂಖ್ಯೆ ಬರೆದಿಡಿ. ನೀವೊಬ್ಬರೇ ಅಲ್ಲ, ಆ ಪಂಪನ್ನು ನಂಬಿದ್ದ ಎಲ್ಲ ಮನೆಯವರೂ ಬರೆಯಲಿ. ಓದು ಬಾರದವರ ಪರವಾಗಿ ಮಕ್ಕಳು ಬರೆಯಲಿ. ಆ ಹಾಳೆಗಳನ್ನು ಅರ್ಜಿಗೆ ಲಗತ್ತಿಸಿ, ಎಲ್ಲರೂ ಒಟ್ಟಿಗೆ ಹೋಗಿ ಕೊಟ್ಟು, ಸ್ವೀಕರಿಸಿದ್ದಕ್ಕೆ ತಾರೀಕು ಹಾಕಿದ ಸಹಿ ಪಡೆದು ಬನ್ನಿ. ಒಂದು ಪ್ರತಿಯನ್ನು ನನಗೂ ಕಳುಹಿಸಿ. ಅದು ಬಂದ ತಿಂಗಳು ಈ ಅಂಕಣದಲ್ಲಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಅದನ್ನೇ ಅಚ್ಚು ಹಾಕಿಸುತ್ತೇನೆ.